ಎಡೆಯ ಮುಂದಿಟ್ಟ ಫೋನು

ಆ ಸೌದೆಯನ್ನು ಇನ್ನಷ್ಟು ಒಳಕ್ಕೆ ತಳ್ಳಿ... ಹಾಂ, ಸಾಕು. ಬ್ಯಾರನ್ನಿನ ಬೆಂಕಿ ಬೆಳಗಿನ ತನಕ ಒಂದೇ ಹದದಲ್ಲಿ ಉರಿಯಬೇಕು. ಹೀಗೆ ಗೂಡಿನಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವವರಿಗೆ ನಿದ್ದೆ ಎಲ್ಲಿಂದ ಬರಬೇಕು? ಅದಕ್ಕೇ ಒಂದು ವಿಷಯ ಹೇಳುತ್ತೇನೆ. ನಡುನಡುವೆ ಹೂಂಗುಟ್ಟುತ್ತಿರಿ. ಇಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದೇನೋ ಅಂತ ನನಗೇ ಅನುಮಾನ ಬರುತ್ತದೆ.

ಅನುಮಾನವೇ ನನ್ನ ಕಸುಬು. ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವನು ನಾನು. ಹೆತ್ತವ್ವ ತಂದ ಹಾಲಿಗೂ ಲ್ಯಾಕ್ಟೋಮೀಟರ್ ಇಳಿಬಿಟ್ಟು ಬೈಸಿಕೊಂಡಿದ್ದೇನೆ. ಅಂಥವನು ಹೇಳುತ್ತಿದ್ದೇನೆ, ಇದಕ್ಕೆ ಒಂದು ತೊಟ್ಟು ನೀರು ಬೆರೆಸಿಲ್ಲ. ನನ್ನ ಚಿಕ್ಕಪ್ಪನ ಮಗಳು ಪದ್ಮಶ್ರೀ ಮನೆಯಲ್ಲಿ ನಡೆದದ್ದು. ಹೋದ ವರ್ಷ, ಪಿತೃಪಕ್ಷದಲ್ಲಿ.

ಅವಳ ಗಂಡ ತೇಜಸ್ ತೀರಿಕೊಂಡ ಮೇಲೆ ಅವನಿಗೆ ಇಡುವ ಮೊದಲ ಎಡೆ ಅದು. ಗಂಡಸರ ಕೈ ಬೇಕಾಗುತ್ತದೆ, ಬಾ ಅಣ್ಣ ಅಂದಿದ್ದಳು. ಡೈರಿ ಮುಗಿಸಿ ಹೊರಟದ್ದೇ ತಡವಾಗಿ, ಹಂಪಾಪುರದಲ್ಲಿ ಬಸ್ಸಿಳಿಯುವಾಗ ಅಂಗಡಿಗಳ ಬಾಗಿಲು ಹಾಕಿತ್ತು. ಅಲ್ಲಿಂದ ಒಳಕ್ಕೆ ನಡೆಯಬೇಕು. ಬೀದಿದೀಪ ಇಲ್ಲ. ಎರಡೂ ಕಡೆ ಹತ್ತಿಯ ಹೊಲ.

ಊರು ಸಿಗುವ ಮೊದಲು ಒಂದು ಸೇದೋ ಬಾವಿ. ನಲ್ಲಿ ಬಂದ ಮೇಲೆ ಅದನ್ನು ಯಾರೂ ಸೇದುವುದಿಲ್ಲ, ರಾಟೆ ಮಾತ್ರ ತೂಗಾಡುತ್ತಿರುತ್ತದೆ. ಗಾಳಿಗೆ ಕಿರ್... ಕಿರ್... ಅನ್ನುತ್ತಿತ್ತು. ನಾನು ಹತ್ತಿರ ಬಂದೆ. ಕಿರ್ ಅನ್ನುವುದು ನಿಂತಿತು. ಆಮೇಲೆ, ಯಾರೋ ಬಾವಿಕಟ್ಟೆಯ ಆಚೆ ಕೂತು ಹೇಳಿದ ಹಾಗೆ...

"ಹೇಳವ್ವಾ... ಕೇಳ್ತಾವ್ನಿ."

ತೇಜಸ್‌ನ ದನಿ.

ನಾನು ಹೆದರಲಿಲ್ಲ. ಯಾಕೆ ಅಂದರೆ, ಆ ಮಾತು ನನಗೆ ಗೊತ್ತಿತ್ತು.

ತೇಜಸ್ ಸರಗೂರಿನ ಒಂದು ಬೀಜ-ಗೊಬ್ಬರದಂಗಡಿಯಲ್ಲಿ ಬಿಲ್ ಹಾಕುತ್ತಿದ್ದ. ಅವನ ತಾಯಿ ದೊಡ್ಡತಾಯಮ್ಮ ಸೋಬಾನೆ ಹಾಡುವುದರಲ್ಲಿ ಸುತ್ತಲ ಹಳ್ಳಿಗೆಲ್ಲ ಹೆಸರಾದವರು. ರಾತ್ರಿ ಊಟವಾದ ಮೇಲೆ ಮಗ ಅವ್ವನನ್ನು ಕೂರಿಸಿಕೊಂಡು ಫೋನಿನಲ್ಲಿ ಹಾಡು ಹಿಡಿಯುತ್ತಿದ್ದ. ವಿಡಿಯೊ ನೋಡಿ ನೋಡಿ ತಾನೇ ಕಲಿತು ಒಂದು ವೆಬ್‌ಸೈಟ್ ಮಾಡಿ, ಹಾಡುಗಳನ್ನೆಲ್ಲ ಅದರಲ್ಲಿಟ್ಟ. ಪ್ರತಿ ಹಾಡಿನ ಮೊದಲಿಗೂ ಅವನ ದನಿ ಇದೆ. ಹೇಳವ್ವಾ, ಕೇಳ್ತಾವ್ನಿ. ಅಷ್ಟೇ. ಆಮೇಲೆ ತಾಯಿಯ ಹಾಡು.

ಆಮೇಲೆ ಒಂದು ದಿನ ಬೈಕು, ಹುಣಸೂರು ರಸ್ತೆ, ಒಂದು ಲಾರಿ. ಅದನ್ನು ಹೇಳುವುದಕ್ಕೆ ನನ್ನ ಕೈಲಾಗುವುದಿಲ್ಲ.

ಅವನ ಫೋನು ಉಳಿಯಿತು, ಬೀಗ ಬಿದ್ದು. ಗಾಜಿನ ಮೇಲೆ ಗೆರೆ ಎಳೆದು ತೆಗೆಯುವ ಬೀಗ. ಆ ಗೆರೆ ಯಾವುದು ಅಂತ ಹೆಂಡತಿಗೂ ಹೇಳಿರಲಿಲ್ಲ. ಹಾಗಾಗಿ ಅವನ ದನಿ ಕೇಳಬೇಕು ಅಂದರೆ ಆ ವೆಬ್‌ಸೈಟ್ ಒಂದೇ ದಿಕ್ಕು. ಮಗ ಹೋದ ಮೇಲೆ ದೊಡ್ಡತಾಯಮ್ಮ ಹಾಡಲೇ ಇಲ್ಲ. ಸಂಜೆ ದೀಪ ಹಚ್ಚಿ ಸೊಸೆಯ ಕೈಲಿ ಸೈಟು ತೆಗೆಸುತ್ತಿದ್ದರು. ಮಗನ ಮಾತು ಕೇಳಿದ ಕೂಡಲೇ, "ಹೇಳ್ತೀನಿ ಇರ್ಲಾ" ಅಂತ ಉತ್ತರ ಕೊಟ್ಟು, ನಿಲ್ಲಿಸು ಅನ್ನುತ್ತಿದ್ದರು. ಹಾಡು ಬೇಡ, ಆ ಮಾತು ಸಾಕು. ಅದಾದ ಮೇಲೇ ಮುದ್ದೆ ಮುಟ್ಟುತ್ತಿದ್ದುದು.

ಹಾಗಾಗಿ ಬಾವಿಯ ಹತ್ತಿರ ದನಿ ಕೇಳಿದಾಗ, ಓ, ಅವ್ವ ಊಟಕ್ಕೆ ಕೂರುತ್ತಿದ್ದಾರೆ ಅಂದುಕೊಂಡೆ. ಮನೆ ಅಲ್ಲೇ ಹಿಂದೆ, ಊರಿಗೆ ಮೊದಲನೆಯದು.

ಜಗಲಿ ಕತ್ತಲಾಗಿತ್ತು. ಪದ್ಮಶ್ರೀ ಹಿತ್ತಲಿನಿಂದ ಬಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಅಣ್ಣಾ... ಮೆಲ್ಲುಕ್ ಮಾತಾಡು. ಒಂದ್ ಅನಾವುತ ಆಗೋಗದೆ."

"ಏನವ್ವ?"

"ಅವ್ರು ಮಾಡಿದ್ ವೆಬ್‌ಸೈಟು ಕೆಟ್ಟೋಯ್ತು. ಬೆಳಿಗ್ಗೆಯಿಂದ ಬರೀ ಬಿಳೀ ಪರದೆ. ಅತ್ತೆಗೆ ನೆಟ್ ಇಲ್ಲ ಅಂತ ಸುಳ್ಳೇಳಿದ್ದೀನಿ. ಉಣ್ನಿಲ್ಲ, ಅಂಗೇ ಮನಿಕಂಡವ್ರೆ."

"ಬೆಳಿಗ್ಗೆಯಿಂದ್ಲಾ?"

"ಊಂ ಕಣಣ್ಣ. ಯಾಕೆ?"

"ಈಗ್ ತಾನೆ ಬಾವಿ ತಾವು..."

"ಬಾವಿ ತಾವು ಏನು?"

ಹಿಂದೆ ರಾಟೆ ಮತ್ತೆ ಶುರು ಮಾಡಿತು. ಕಿರ್... ಕಿರ್...

ಏನಾಯಿತು ಅಂತ ಪಿಸುಗುಟ್ಟುತ್ತಲೇ ಹೇಳಿದಳು. ದೊಡ್ಡತಾಯಮ್ಮನ ತಂಗಿ ಯಶೋದಮ್ಮ ಎಡೆಗೆ ಕಜ್ಜಾಯ ಸುಡಲು ಬಂದವರು, ಆ ಸೈಟನ್ನು ಕೆಳಗಿನ ತನಕ ನೋಡಿದ್ದಾರೆ. ಅಡಿಯಲ್ಲಿ 'ಹಾಡು ಹಿಡಿದವನು: ತೇಜಸ್' ಅಂತ ಇತ್ತಂತೆ. ನಮ್ಮ ಕಡೆ ಗೊತ್ತಲ್ಲ, ಲಗ್ನಪತ್ರಿಕೆಯಾಗಲಿ ಬ್ಯಾನರಾಗಲಿ, ತೀರಿಕೊಂಡವರ ಹೆಸರಿನ ಮುಂದೆ ದಿವಂಗತ ಹಾಕದಿದ್ದರೆ ಜಗಳವೇ ಆಗುತ್ತದೆ. ಯಶೋದಮ್ಮ ಕೆನ್ನೆಗೆ ಕೈ ಕೊಟ್ಟುಕೊಂಡು, "ಬದುಕಿರೋನಂಗೆ ಬರ್ದಿದ್ದೀರಲ್ಲವ್ವಾ, ತಾನು ಓಗಿವ್ನಿ ಅಂತ ಅವನಿಗೆ ಎಂಗ್ ಗೊತ್ತಾಗ್ಬೇಕು? ಎಡೆಗೆ ಎಂಗ್ ಬತ್ತಾನೆ?" ಅಂದರಂತೆ.

ಪದ್ಮಶ್ರೀಗೆ ಅದು ನಾಟಿಬಿಟ್ಟಿತು. ಗಂಡನ ಲ್ಯಾಪ್‌ಟಾಪಿನಲ್ಲಿ ಸೈಟು ತೆರೆದೇ ಇತ್ತು, ಪಾಸ್‌ವರ್ಡ್ ಕೇಳುತ್ತಿರಲಿಲ್ಲ. ಮೊದಲು ಅತ್ತೆಯ ಹಳೇ ಫೋಟೊ ತೆಗೆದು ಹೊಸದು ಹಾಕಿದಳು. ಅದು ಸರಿಯಾಗಿ ಬಂತು, ಧೈರ್ಯವೂ ಬಂತು. ಆಮೇಲೆ ಅದೇ ಕಡತದಲ್ಲಿ, ಆ ಇಂಗ್ಲಿಷ್ ಕೋಡಿನ ಕಾಡಿನೊಳಗೆ ತೇಜಸ್ ಅನ್ನುವ ಹೆಸರು ಹುಡುಕಿ, ಅದರ ಮುಂದೆ 'ದಿವಂಗತ' ಅಂತ ಸೇರಿಸಿದಳು. ಸೇರಿಸುವಾಗ ಹೆಸರಿನ ಸುತ್ತ ಇದ್ದ ಒಂದು ಸಣ್ಣ ಗುರುತು ಅಳಿಸಿಹೋಗಿದೆ. ಸೇವ್ ಒತ್ತಿದಳು. ಬಿಳಿ ಪರದೆ. ಹಿಂದಕ್ಕೆ ಹೋಗಿ ತಿದ್ದೋಣ ಅಂದರೆ, ತಿದ್ದುವ ಪುಟವೂ ಬಿಳಿ.

ಆ ಬಿಳಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು. ಸೈಟಿನಲ್ಲಿ ದೊಡ್ಡ ದೋಷವಾಗಿದೆ, ಸರಿಪಡಿಸುವ ದಾರಿಯನ್ನು ಸೈಟಿನ ಯಜಮಾನರ ಮೇಲ್‌ಗೆ ಕಳಿಸಿದ್ದೇವೆ, ನೋಡಿಕೊಳ್ಳಿ.

ಯಜಮಾನ ಯಾರು... ತೇಜಸ್.

ಬೆಳಿಗ್ಗೆ ಸರಗೂರಿಗೆ ಹೋದೆವು. ಅಲ್ಲಿ ಶಶಿಕುಮಾರ್ ಅಂತ ಒಬ್ಬ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ, ತೇಜಸ್‌ಗೆ ಗೆಳೆಯ. ನನಗೆ ಅವನ ಮೇಲೆ ಮೊದಲಿಂದಲೂ ಒಂದು ಕಣ್ಣು. ದೊಡ್ಡತಾಯಮ್ಮನ ಹಾಡುಗಳನ್ನು ತನ್ನ ಯೂಟ್ಯೂಬ್ ಚಾನೆಲ್ಲಿಗೆ ಕೊಡು ಅಂತ ತೇಜಸ್‌ನ ಹಿಂದೆ ಬಿದ್ದಿದ್ದವನು. ಕೊಡಲ್ಲ ಅಂದದ್ದಕ್ಕೆ ಸ್ವಲ್ಪ ದಿನ ಮಾತು ಬಿಟ್ಟಿದ್ದನಂತೆ.

ಲ್ಯಾಪ್‌ಟಾಪ್ ನೋಡಿದ. ತಲೆ ಕೆರೆದುಕೊಂಡ.

"ಸಣ್ ತಪ್ಪು ಕಣಣ್ಣ, ಒಳಕ್ ಓದ್ರೆ ಚಿಟಿಕೆ ಒಡೆಯೋದ್ರಲ್ಲಿ ಸರಿ ಮಾಡ್ಬೋದು. ಆದ್ರೆ ಒಳಕ್ ಓಗೋ ಲಿಂಕು ಅವನ ಮೇಲ್‌ನಲ್ಲೈತೆ. ಸೈಟ್ ಇಟ್ಟಿರೋ ಕಂಪ್ನಿ ಕಡೆಯಿಂದ ಓಗಾಣ ಅಂದ್ರೆ ಅದ್ರ ಓಟಿಪಿ ಅವನ ನಂಬರ್‌ಗೆ ಓಯ್ತದೆ. ಸಿಮ್ಮು ಕಟ್ಟಾಗದೆ."

"ಮೇಲ್ ಲ್ಯಾಪ್‌ಟಾಪಲ್ಲಿ ಬರಲ್ವಾ?"

"ಅವ್ರು ಫೋನಲ್ಲೇ ನೋಡೋರು," ಅಂದಳು ಪದ್ಮಶ್ರೀ.

ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಶಶಿಕುಮಾರ ಚಾರ್ಜಿಗೆ ಹಾಕಿದ. ಫೋನು ಆನ್ ಆಗುವಾಗ ಒಂದು ರಾಗ ಬರುತ್ತಿತ್ತು, ಟಿಣ್-ಟಿಣ್-ಟೂಂ... ಅಂತ. ಅದು ಕೇಳಿದ್ದೇ ಪದ್ಮಶ್ರೀ ಮುಖ ಆ ಕಡೆ ತಿರುಗಿಸಿದಳು. ಪರದೆ ಮೇಲೆ ಒಂಬತ್ತು ಚುಕ್ಕೆ ಬಂದವು. ತಮ್ಮ ಪುಟ್ಟ ಮಗುವಿನ ಹೆಸರಿನ ಮೊದಲಕ್ಷರ, ಊರಿನದು, ಏನೇನೋ ಎಳೆದಳು. ಒಂದೂ ಆಗಲಿಲ್ಲ. ಇನ್ನು ಮುಟ್ಟಬೇಡಿ, ಎಲ್ಲ ಅಳಿಸಿ ಹೊಸದಾಗಿ ತೆಗೆಯಬಹುದು, ಆದರೆ ಒಳಗಿರುವ ಹಾಡುಗಳೂ ಹೋಗುತ್ತವೆ ಅಂದ ಶಶಿಕುಮಾರ. ಕಂಪನಿಗೆ ಮರಣ ಪ್ರಮಾಣಪತ್ರ ಕಳಿಸಿದರೆ ವಿಚಾರಿಸಿ ಕೊಡಬಹುದು, ಯಾವಾಗ ಅಂತ ಹೇಳಲಾಗದು ಅಂತಲೂ ಅಂದ.

"ಬೇಕಾದ್ರೆ ಫೋನ್ ನನ್ ತಾವೇ ಬುಟ್ಟೋಗಿ, ನೋಡ್ತೀನಿ," ಅಂದ.

ಯಾಕೆ ಬಿಟ್ಟುಹೋಗಬೇಕು? ನಾನೇ ಸ್ವಿಚ್ ಆಫ್ ಮಾಡಿ ಜೇಬಿಗೆ ಹಾಕಿಕೊಂಡೆ.

ಮನೆಗೆ ಬರುವಷ್ಟರಲ್ಲಿ ಯಶೋದಮ್ಮ ಎಲ್ಲ ಹೇಳಿಬಿಟ್ಟಿದ್ದರು. ದೊಡ್ಡತಾಯಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು. ನಿನ್ನೆಯಿಂದ ಅನ್ನ ನೀರು ಇಲ್ಲದ ಮುಖ. ಸೊಸೆ ಒಳಗೆ ಕಾಲಿಟ್ಟಳು.

"ನನ್ ಮಗನ್ ಬಾಯ ಮುಚ್ಚುಸ್ಬುಟ್ಯಲ್ಲವ್ವಾ..."

"ಅತ್ತೆ, ನಾನು ಬೇಕು ಅಂತ..."

"ಒಂದ್ ಮಾತಿತ್ತು. ಒಂದೇ ಒಂದ್ ಮಾತು. ಅದೂ ನಿನಗೆ ಬ್ಯಾಡಾಗೋಯ್ತಾ? ಅವನ್ನ ಅಳಿಸಾಕ್ಬುಟ್ಟು ತವ್ರಿಗೋಗವ ಅಂತಿದ್ದೀಯಾ?"

ನಿಜ ಹೇಳಲಾ? ಒಂದು ಗಳಿಗೆ ನನಗೂ ಆ ಅನುಮಾನ ಬಂತು. ತಂಗಿ, ಚಿಕ್ಕವಯಸ್ಸು, ದಿನಾ ಸಂಜೆ ಸತ್ತ ಗಂಡನ ದನಿ ಹಾಕಿ ಹಾಕಿ ಸಾಕಾಗಿ ಬೇಕೆಂದೇ ಮಾಡಿದಳೇನೋ ಅಂತ. ಅವಳು ನನ್ನ ಕಣ್ಣು ನೋಡಿದಳು. ನನ್ನ ಅನುಮಾನ ಅವಳಿಗೆ ಗೊತ್ತಾಯಿತು. ಆ ನೋಟ ನೆನೆದರೆ ಇವತ್ತಿಗೂ ನನಗೆ ನಾಚಿಕೆ.

ಸಂಜೆ ಎಡೆ ಇಟ್ಟೆವು. ಕೋಣೆಯಲ್ಲಿ ಕಳಶ, ತೇಜಸ್‌ನ ಫೋಟೊ, ಹೊಸ ಪಂಚೆ ಷರ್ಟು. ಬಾಳೆ ಎಲೆಯ ಮೇಲೆ ಮುದ್ದೆ, ಸಾರು, ಅನ್ನ, ವಡೆ, ಕಜ್ಜಾಯ, ಪಕ್ಕದಲ್ಲಿ ಕಂಚಿನ ಲೋಟದಲ್ಲಿ ನೀರು. ಇಷ್ಟಪಟ್ಟದ್ದನ್ನೆಲ್ಲ ಇಡುತ್ತೇವಲ್ಲ... ಕೆಲವರು ಬೀಡಿ ಇಡುತ್ತಾರೆ, ಕೆಲವರು ಬಾಟ್ಲಿ. ಪದ್ಮಶ್ರೀ ಫೋನು ಕೇಳಿದಳು. ಜೇಬಿನಿಂದ ತೆಗೆದುಕೊಟ್ಟೆ. ಗಾಜನ್ನು ಸೆರಗಿನಲ್ಲಿ ಒರೆಸಿದಳು, ಬಾಯಲ್ಲಿ ಹಾ ಅಂತ ಉಸಿರು ಬಿಟ್ಟು ಇನ್ನೊಮ್ಮೆ ಒರೆಸಿದಳು. ಕನ್ನಡಿಯಷ್ಟು ಸ್ವಚ್ಛ. ಎಲೆಯ ಪಕ್ಕದಲ್ಲಿಟ್ಟಳು.

ಇದನ್ನು ನೆನಪಿಟ್ಟುಕೊಳ್ಳಿ. ಒರೆಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡುವುದು ವಾಡಿಕೆ. ಹಿರಿಯರು ಬಂದು ಉಣ್ಣುವಾಗ ನಾವು ನೋಡಬಾರದು. ನಾನು ಕೊನೆಗೆ ಹೊರಬಂದವನು. ನನ್ನ ಬುದ್ಧಿ ಗೊತ್ತಲ್ಲ... ಕಿಟಕಿಯ ಸರಳು ಅಲ್ಲಾಡಿಸಿ ನೋಡಿದೆ. ಮಂಚದ ಕೆಳಗೆ ಬಗ್ಗಿ ನೋಡಿದೆ. ಫೋನಿನ ಗುಂಡಿ ಒತ್ತಿ ನೋಡಿದೆ, ಆಫ್ ಆಗಿಯೇ ಇತ್ತು. ಆಮೇಲೆ ಬಾಗಿಲೆಳೆದು ಚಿಲಕ ಹಾಕಿದೆ.

ನಡುಮನೆಯಲ್ಲಿ ಕೂತೆವು. ದೊಡ್ಡತಾಯಮ್ಮ, ಯಶೋದಮ್ಮ, ಪದ್ಮಶ್ರೀ, ನಾನು. ಮಗು ಪದ್ಮಶ್ರೀ ತೊಡೆ ಮೇಲೆ ಮಲಗಿತ್ತು. ಅವಳ ಫೋನು ನನ್ನ ಮುಂದೆ ನೆಲದ ಮೇಲಿತ್ತು. ಹೊರಗೆ ರಾಟೆ... ಕಿರ್... ಕಿರ್...

ನಿಂತಿತು.

ಕೋಣೆಯೊಳಗೆ ಲೋಟ ನೆಲಕ್ಕೆ ತಾಗಿದ ಸದ್ದು. ಟಕ್. ಕಂಚಿನದು.

ಯಶೋದಮ್ಮ ನನ್ನ ಮೊಣಕೈ ಹಿಡಿದುಕೊಂಡರು. "ಇಲಿ ಕಣವ್ವ," ಅಂತ ಪಿಸುಗುಟ್ಟಿದೆ.

ಆಮೇಲೆ... ಟಿಣ್-ಟಿಣ್-ಟೂಂ.

ಇಲಿ ಫೋನ್ ಆನ್ ಮಾಡುತ್ತದೇನ್ರಪ್ಪ?

ನಾನು ಎದ್ದೆ. ದೊಡ್ಡತಾಯಮ್ಮ ನನ್ನ ಪಂಚೆಯ ಅಂಚು ಹಿಡಿದರು. ಕೂರು ಅಂತ ಕೈಯಲ್ಲೇ ತೋರಿಸಿದರು. ಅವರ ಕಣ್ಣು ಬಾಗಿಲ ಮೇಲೆ.

ಒಳಗೆ ಇನ್ನೊಂದು ಸದ್ದು. ಬಹಳ ಸಣ್ಣದು. ಉಗುರು ಗಾಜಿಗೆ ತಾಗುತ್ತದಲ್ಲ, ಹಾಗೆ. ಟಿಕ್... ಟಿಕ್ ಟಿಕ್... ಟಿಕ್. ಸುಮ್ಮನಾಗುವುದು. ಯೋಚನೆ ಮಾಡುತ್ತಿದ್ದಾರೇನೋ ಅನ್ನುವಷ್ಟು ಹೊತ್ತು. ಮತ್ತೆ ಟಿಕ್ ಟಿಕ್. ಪದ್ಮಶ್ರೀ ಕಣ್ಣಿಂದ ನೀರು ಸುಮ್ಮನೆ ಇಳಿಯುತ್ತಿತ್ತು. "ಇಂಗೇ ಕಣಣ್ಣ..." ಅಂದಳು, ಉಸಿರಿನಲ್ಲಿ. "ರಾತ್ರಿಯೆಲ್ಲಾ ಇಂಗೇ ಕೂತ್ಕಂಡು ಒತ್ತೋರು."

ಎಷ್ಟು ಹೊತ್ತು ಆಯಿತೋ. ಆಮೇಲೆ ರಾಟೆ ಶುರುವಾಯಿತು. ದೊಡ್ಡತಾಯಮ್ಮ ಎದ್ದು ವಾಡಿಕೆಯಂತೆ ಬಾಗಿಲು ತಟ್ಟಿ, "ಬತ್ತೀವಪ್ಪಾ" ಅಂದು, ಚಿಲಕ ತೆಗೆದರು.

ದೀಪ ಉರಿಯುತ್ತಿತ್ತು. ಕಿಟಕಿ ಭದ್ರ. ಲೋಟ ಇಟ್ಟಲ್ಲೇ ಇತ್ತು. ಫೋನು ಕಪ್ಪಗೆ ಬಿದ್ದಿತ್ತು, ಗುಂಡಿ ಒತ್ತಿದೆ, ಆಫ್. ನೋಡ್ರಪ್ಪಾ, ನಾನು ಬೆವರಿದ್ದೆ, ಆದರೂ ಮನಸ್ಸು ಒಪ್ಪಲಿಲ್ಲ.

ಪದ್ಮಶ್ರೀ ಮಾತ್ರ ತನ್ನ ಫೋನು ತಗೊಂಡು ಆ ಸೈಟು ಒತ್ತಿದಳು. ಬಿಳಿ ಪರದೆ... ಬಿಳಿ ಪರದೆ... ಆಮೇಲೆ ದೊಡ್ಡತಾಯಮ್ಮನ ಹೊಸ ಫೋಟೊ. ಕೆಳಗೆ ಹಾಡುಗಳು. ಅವಳು ಫೋನನ್ನು ಅತ್ತೆಯ ಕಿವಿಯ ಹತ್ತಿರ ಹಿಡಿದಳು.

"ಹೇಳವ್ವಾ... ಕೇಳ್ತಾವ್ನಿ."

"ಹೇಳ್ತೀನಿ ಇರ್ಲಾ ಕಂದಾ," ಅಂದರು ದೊಡ್ಡತಾಯಮ್ಮ. ನಿಲ್ಲಿಸು ಅನ್ನಲಿಲ್ಲ. ಹಾಡು ಪೂರ್ತಿ ಮುಗಿಯುವ ತನಕ ಸೊಸೆಯ ಕೈಯನ್ನು ಹಾಗೇ ಹಿಡಿದುಕೊಂಡಿದ್ದರು. ಮುಗಿದ ಮೇಲೆ, "ನೀನೂ ಉಂಡಿಲ್ಲ ಅಲ್ವಾ ಮಗ," ಅಂದರು. "ಬಾ, ಉಣ್ಣವ."

ಮಾರನೆ ದಿನ ನಾನು ಸರಗೂರಿಗೆ ಓಡಿದೆ. ಶಶಿಕುಮಾರನ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ.

"ನೀನೇ ತಾನೆ ಸರಿ ಮಾಡಿದ್ದು? ಎಲ್ಲಿಂದ ಒಳಕ್ ಓದೆ? ಸತ್ಯ ಹೇಳು."

"ನಮ್ಮಪ್ಪನಾಣೆ ನಾನಲ್ಲ ಕಣ್ ಬಸವರಾಜಣ್ಣ. ಸೈಟ್ ಬತ್ತಾ ಐತಾ? ತೋರ್ಸು."

"ಕಂಪ್ನಿಯೋರು ಹಳೇ ನಕಲು ಹಾಕಿರ್ಬೌದಲ್ಲ?"

ನೋಡಿದ. ಕೆಳಗಿನ ತನಕ ಹೋದ. ಮತ್ತೆ ಮೇಲಕ್ಕೆ ಬಂದ. ಅವನ ಮುಖ ಬದಲಾಯಿತು.

"ಹಳೇ ನಕಲು ಹಾಕಿದ್ರೆ ಹಳೇ ಫೋಟೊ ಬರ್ಬೇಕಿತ್ತಲ್ಲಣ್ಣ. ಅಕ್ಕ ಹಾಕಿದ್ ಹೊಸ ಫೋಟೊ ಅಂಗೇ ಐತೆ. ಇದು ಯಾರೋ ಒಳಕ್ ಓಗಿ, ಆ ಒಂದ್ ಸಾಲು ಮಾತ್ರ ತಿದ್ದವ್ರೆ."

ಅಡಿಯ ಸಾಲು ತೋರಿಸಿದ. 'ಹಾಡು ಹಿಡಿದವನು: ತೇಜಸ್.' ಅಳಿಸಿಹೋಗಿದ್ದ ಗುರುತು ಬಂದಿತ್ತು, ಅದಕ್ಕೇ ಸೈಟು ತೆರೆದದ್ದು. ಜೊತೆಗೆ ದಿವಂಗತ ಅನ್ನುವುದು ಇರಲಿಲ್ಲ.

"ಒಳಕ್ ಓಗಿರೋದು ಯಾರು ಅಂಗಾದ್ರೆ?"

"ಆ ಮೇಲ್ ಯಾರಿಗೆ ಬಂತೋ ಅವ್ರು," ಅಂದ. ಆಮೇಲೆ ಮೆಲ್ಲಗೆ, "ಫೋನು ತಂದಿದ್ದೀಯಾ?"

ತಂದಿರಲಿಲ್ಲ. ನನಗೆ ಇನ್ನೂ ಅನುಮಾನ. ಅವತ್ತೇ ವಾಪಸ್ ಹೋಗಿ ಪದ್ಮಶ್ರೀ ಹತ್ತಿರ ಫೋನು ಕೇಳಿದೆ. ಎಡೆ ತೆಗೆದ ಮೇಲೆ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಳು. ತೆಗೆದು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದೆ.

ಗಾಜಿನ ಮೇಲೆ ಒಂದು ಜಿಡ್ಡಿನ ಗೆರೆ. ಮೇಲಿಂದ ಇಳಿದು, ಪಕ್ಕಕ್ಕೆ ತಿರುಗಿ, ಮತ್ತೆ ಓರೆಯಾಗಿ ಮೇಲಕ್ಕೆ.

ನಾನು ಪದ್ಮಶ್ರೀ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಗುಂಡಿ ಒತ್ತಿ ಹಿಡಿದೆ. ಟಿಣ್-ಟಿಣ್-ಟೂಂ. ಒಂಬತ್ತು ಚುಕ್ಕೆ ಬಂದವು. ಆ ಗೆರೆಯ ಮೇಲೇ, ಅದು ಅಳಿಸದ ಹಾಗೆ ಬೆರಳ ತುದಿಯಿಂದ ಮುಟ್ಟಿಯೂ ಮುಟ್ಟದ ಹಾಗೆ ಎಳೆದೆ.

ಬೀಗ ತೆರೆಯಿತು.

ಹಾಡುಗಳೆಲ್ಲ ಒಳಗೇ ಇದ್ದವು. ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆವು, ಇನ್ನೊಂದು ಪೆನ್‌ಡ್ರೈವಿಗೂ ಹಾಕಿದೆವು. ಇನ್ನು ಸೈಟು ಹೋದರೂ ಆ ದನಿ ಹೋಗುವುದಿಲ್ಲ. ಪದ್ಮಶ್ರೀ ಈಗಲೂ ಸೈಟು ನೋಡಿಕೊಳ್ಳುತ್ತಾಳೆ, ಒಂದಕ್ಷರ ಮುಟ್ಟುವ ಮೊದಲು ನಕಲು ಮಾಡಿಟ್ಟುಕೊಳ್ಳುತ್ತಾಳೆ. ಅಡಿಯ ಸಾಲನ್ನು ಮಾತ್ರ ಮುಟ್ಟಿಲ್ಲ. ಯಶೋದಮ್ಮನೂ ಆಮೇಲೆ ಅದರ ಸುದ್ದಿಗೆ ಬಂದಿಲ್ಲ.

ಮೇಲ್ ತೆಗೆದು ನೋಡೋಣ, ಯಾರು ಆ ಲಿಂಕ್ ಒತ್ತಿದ್ದು ಗೊತ್ತಾಗುತ್ತದೆ ಅಂದೆ ನಾನು. ಪದ್ಮಶ್ರೀ ನನ್ನ ಕೈಯಿಂದ ಫೋನು ತಗೊಂಡು ಆಫ್ ಮಾಡಿದಳು.

"ಬ್ಯಾಡ ಕಣಣ್ಣ... ಅವ್ರದು ಅವ್ರಿಗಿರ್ಲಿ."

ನೀವು ಕೇಳುತ್ತೀರಿ, ನನಗೆ ಗೊತ್ತು. ಹಳೇ ಗೆರೆ ಉಳಿದಿತ್ತೇನೋ, ಮಗು ಆಡಿತ್ತೇನೋ, ಬಸವರಾಜು ಹೆದರಿದ್ದನೇನೋ ಅಂತ. ನಾನೂ ಇದನ್ನೆಲ್ಲ ಕೇಳಿಕೊಂಡಿದ್ದೇನೆ, ವರ್ಷವಿಡೀ. ಗಾಜು ಒರೆಸಿದ್ದು ನಾನು ನೋಡಿದೆ. ಚಿಲಕ ಹಾಕಿದ್ದು ನಾನು. ಆ ಗೆರೆ ಬದುಕಿರುವ ಯಾರಿಗೂ ಗೊತ್ತಿರಲಿಲ್ಲ. ಆ ಫೋನು ಈಗಲೂ ಅವರ ಟ್ರಂಕಿನಲ್ಲಿದೆ, ಬೇಕಾದರೆ ಬೆಳಿಗ್ಗೆ ಹಂಪಾಪುರದ ಬಸ್ಸು ಹತ್ತಿ, ತೋರಿಸುತ್ತೇನೆ.

ಇನ್ನೊಂದು. ಫೋನು ಕೈಯಿಂದ ಹೋಗುವ ಮುಂಚೆ, ನಾನು ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದ್ದೆ. ಹಾಲು ನೋಡುವವನ ಅಭ್ಯಾಸ.

ಆ ಗೆರೆ ಕಜ್ಜಾಯದ ವಾಸನೆ ಹೊಡೆಯುತ್ತಿತ್ತು.